ಟೇಲರ್‌ಗಳ ಸಮ್ಮೇಳನಕ್ಕೆ ಕಣ್ಣು ಬಂದದ್ದು

ವಾಡಿ ಸ್ಟೇಶನ್ನಿನಿಂದ ಹೊರಬಿದ್ದು ರೈಲ್ವೆ ಕ್ವಾರ್ಟರ್ಸಿನ ಕಡೆ ಹೊರಳಿದರೆ ಮೂರನೆಯ ಅಂಗಡಿ ಜೈತುನ್ಬೀಯದು. ಬೋರ್ಡಿನ ಮೇಲೆ ‘ನ್ಯೂ ಟೇಲರ್ಸ್’ ಎಂದಿದೆ. ಅದನ್ನು ಬರೆಸಿ ಮೂವತ್ತು ವರ್ಷ ದಾಟಿತು. ಆಮೇಲೆ ಊರಿನಲ್ಲಿ ಎಷ್ಟೋ ಹೊಸ ಟೇಲರ್‌ಗಳು ಬಂದರೂ ‘ನ್ಯೂ’ ಎಂದರೆ ಇಂದಿಗೂ ಇದೇ ಅಂಗಡಿ.

ಅಂಗಡಿ ಮೊದಲು ಆಕೆಯ ಅಪ್ಪನದಾಗಿತ್ತು. ಗಾರ್ಡುಗಳ ಬಿಳಿ ಪ್ಯಾಂಟು, ಟಿಕೆಟ್ ಕಲೆಕ್ಟರುಗಳ ಕರಿ ಕೋಟು, ಸಿಮೆಂಟ್ ಫ್ಯಾಕ್ಟರಿಯವರ ಖಾಕಿ, ಇವೇ ಅವರ ಕೆಲಸ. ಜೈತುನ್ಬೀಗೆ ಇಪ್ಪತ್ತನಾಲ್ಕಾದಾಗ ಅಪ್ಪನ ಕೈ ನಡುಗತೊಡಗಿತು. ಕತ್ತರಿ ಮಗಳ ಕೈಗೆ ಬಂತು. ಕತ್ತರಿಸುವುದು, ಹೊಲಿಯುವುದು, ಗುಂಡಿಗೆ ಕಾಜಾ ಮಾಡುವುದು ಎಲ್ಲ ಆಕೆಗೆ ಬರುತ್ತಿತ್ತು. ತೊಡಕಾದದ್ದು ಅಳತೆ. ಹೊರಗಿನ ಗಂಡಸರ ಸೊಂಟಕ್ಕೆ ಟೇಪು ಸುತ್ತಲು ಆಕೆಗೆ ಸಂಕೋಚ. ಸುತ್ತಿಸಿಕೊಳ್ಳಲು ಅವರಿಗೆ ಅದಕ್ಕಿಂತ ಸಂಕೋಚ. ಕಡೆಗೆ ಆಕೆ ಒಂದು ಉಪಾಯ ಕಂಡುಕೊಂಡಳು. ಗಿರಾಕಿಯನ್ನು ಅಂಗಡಿಯ ಮುಂದೆ ಒಮ್ಮೆ ಅತ್ತ ನಡೆಸುವುದು, ಒಮ್ಮೆ ಇತ್ತ ನಡೆಸುವುದು. ಅಷ್ಟರಲ್ಲಿ ಎದೆ, ಸೊಂಟ, ಉದ್ದ ಎಲ್ಲ ಆಕೆಯ ನೋಟ್‌ಬುಕ್ಕಿಗೆ ಇಳಿದಿರುತ್ತಿತ್ತು.

ಒಬ್ಬ ಟಿಕೆಟ್ ಕಲೆಕ್ಟರು ಮಾತ್ರ ಒಪ್ಪಲಿಲ್ಲ. ಆಕೆ ಸೊಂಟ ನಲವತ್ತು ಅಂದಳು. ಆತ ಮೂವತ್ತಾರು ಅಂದ. ಗಿರಾಕಿಯ ಮಾತಿಗೆ ಬೆಲೆ ಕೊಟ್ಟು ಮೂವತ್ತಾರೇ ಹೊಲಿದಳು. ನಾಲ್ಕನೆಯ ದಿನ ಎರಡನೇ ಪ್ಲಾಟ್‌ಫಾರ್ಮಿನ ಮೇಲೆ, ಬಿದ್ದ ಪೆನ್ನು ಎತ್ತಿಕೊಳ್ಳಲು ಆತ ಬಗ್ಗಿದಾಗ ಸತ್ಯ ದೊಡ್ಡ ಸಪ್ಪಳದೊಂದಿಗೆ ಹೊರಬಿತ್ತು. ಅಂದಿನಿಂದ ಜೈತುನ್ಬೀಯ ಕಣ್ಣಳತೆಗೆ ವಾಡಿಯಲ್ಲಿ ಎದುರುಮಾತಿಲ್ಲ.

ಆಕೆಯ ಗಂಡ ಮಶಾಕ ಫ್ಯಾಕ್ಟರಿಯ ಕ್ಯಾಂಟೀನಿನಲ್ಲಿ ಅಡುಗೆ ಮಾಡಿ ನಿವೃತ್ತನಾದವನು. ಮಾತು ಕಡಿಮೆ, ಚಹಾ ಚೊಕ್ಕ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ, ಈ ಐದು ಊರಿನ ಟೇಲರ್‌ಗಳು ಸೇರಿ ಒಂದು ಸಂಘ ಮಾಡಿಕೊಂಡರು. ಅಧ್ಯಕ್ಷರಾದವರು ಚಿತ್ತಾಪುರದ ಜಟ್ಟೆಪ್ಪ. ಅವರ ಹೆಸರನ್ನು ಸೂಚಿಸಿದವರೂ ಅವರೇ. ಕಾರ್ಯದರ್ಶಿ ಯಾರಾಗಬೇಕು ಎಂಬ ಮಾತು ಬಂದಾಗ ಜೈತುನ್ಬೀ ಕೈ ತೊಳೆಯಲು ಹೊರಗೆ ಹೋಗಿದ್ದಳು. ಒಳಗೆ ಬರುವಷ್ಟರಲ್ಲಿ ಎಲ್ಲರೂ ಆಕೆಯ ಕಡೆ ನೋಡಿ ಚಪ್ಪಾಳೆ ತಟ್ಟುತ್ತಿದ್ದರು.

“ಯಾಕ್ರಿ, ಏನಾಯ್ತು?” ಎಂದು ಕೇಳಿದಳು.

“ಏನಿಲ್ಲ ಆಪಾ, ನೀವ್ ಕಾರ್ಯದರ್ಶಿ ಆಗೀರಿ,” ಅಂದ ಶಹಾಬಾದದ ಚಂದ್ರಾಮ.

ಸಂಘದ ಮೊದಲ ಸಮ್ಮೇಳನ ವಾಡಿಯಲ್ಲಿ ಎಂದು ತೀರ್ಮಾನವಾಯಿತು. ಅದು ಎರಡು ಸಾವಿರದ ಇಪ್ಪತ್ತಮೂರನೆಯ ವರ್ಷ. ಆ ಸಲ ಶ್ರಾವಣ ಅಧಿಕ ಬಂದಿತ್ತು. ಅಧಿಕ ಮಾಸದಲ್ಲಿ ಲಗ್ನವಿಲ್ಲ, ಲಗ್ನವಿಲ್ಲದಾಗ ಕಲ್ಯಾಣ ಮಂಟಪ ಖಾಲಿ, ಟೇಲರ್‌ಗಳೂ ಖಾಲಿ. ಜೂನ್ ತಿಂಗಳ ಶಾಲೆಯ ಯೂನಿಫಾರ್ಮು ಮುಗಿದಿರುತ್ತದೆ, ಆಗಸ್ಟ್ ಹದಿನೈದರ ಬಿಳಿ ಬಟ್ಟೆಯ ಗದ್ದಲ ಇನ್ನೂ ಏರಿರುವುದಿಲ್ಲ. ಆ ಸಂದಿಯಲ್ಲಿ ಸಿಕ್ಕ ಒಂದೇ ಭಾನುವಾರ ಆಗಸ್ಟ್ ಆರು. ನೂರಾ ಎಂಬತ್ತು ಮಂದಿ ಬರುವುದೆಂದು ಹೆಸರು ಬರೆಸಿದರು. ಕಾರ್ಯಕ್ರಮದ ಪಟ್ಟಿಯಲ್ಲಿ ಧ್ವಜಾರೋಹಣ, ಉದ್ಘಾಟನೆ, ಅಧ್ಯಕ್ಷರ ಭಾಷಣ, ಊಟ, ಠರಾವು, ಮತ್ತೆ ಉಚಿತ ಕಣ್ಣು ತಪಾಸಣೆ ಇದ್ದವು.

ಮಂದಿ ಬರುವುದಕ್ಕೆ ಮೂರು ವಾರ ಮೊದಲೇ ಕಣ್ಣು ಬಂದವು.

ನಮ್ಮ ಕಡೆ ಕಣ್ಣು ಕೆಂಪಾಗಿ ಉರಿದು, ನೀರು ಸುರಿದು, ಮುಂಜಾನೆ ರೆಪ್ಪೆ ಅಂಟಿಕೊಂಡರೆ ‘ಕಣ್ಣು ಬಂದಾವ’ ಅನ್ನುತ್ತಾರೆ. ಜುಲೈ ಮಳೆಯ ಜೊತೆಗೆ ಮೊದಲು ಶಾಲೆಗಳಿಗೆ ಬಂದವು, ಶಾಲೆಗಳಿಂದ ಮನೆಗಳಿಗೆ ಬಂದವು. ರೈಲು ಇಳಿದವರೆಲ್ಲ ಸಿನಿಮಾದ ಪೊಲೀಸರಂತೆ ಕರಿ ಕನ್ನಡಕ ಹಾಕಿಕೊಂಡು ಇಳಿಯತೊಡಗಿದರು. ಸ್ಟೇಶನ್ ಮುಂದೆ ಬಾಚಣಿಗೆ ಮಾರುತ್ತಿದ್ದವನು ಬಾಚಣಿಗೆ ಬಿಟ್ಟು ಕನ್ನಡಕಕ್ಕೆ ಇಳಿದ.

ಸರ್ಕಾರಿ ಆಸ್ಪತ್ರೆಯ ನರ್ಸ್ ಶ್ರುತಿ ಕುಪ್ಪಸ ಒಯ್ಯಲು ಬಂದಾಗ ಜೈತುನ್ಬೀ ಕೇಳಿದಳು: “ಅಲ್ಲವ್ವಾ, ಇದು ಒಬ್ಬರಿಗೊಬ್ಬರು ನೋಡಿದ್ರ ಬರ್ತದ ಅಂತಾರಲ್ಲ, ಖರೇ ಏನು?”

“ಸುಳ್ಳು ಆಂಟಿ. ನೋಡಿದ್ರ ಬರಂಗಿಲ್ಲ, ಮುಟ್ಟಿದ್ರ ಬರ್ತದ. ಕಣ್ಣ ಒರಸಿದ ಕೈಲೆ ಮುಟ್ಟಿದ್ದು, ಟವೆಲ್ಲು, ಪೆನ್ನು, ನಿಮ್ ಟೇಪು, ಎಲ್ಲಾದ್ರಾಗೂ ಹೋಗ್ತದ. ಜೀವಕ್ಕೇನೂ ಆಗಂಗಿಲ್ಲ. ಆದ್ರ ಒಂದು ವಾರ ಕೆಲಸಕ್ಕ ಬಾರದಂಗ ಮಾಡ್ತದ ನೋಡ್ರಿ.”

ಈ ಕೊನೆಯ ಮಾತು ಜೈತುನ್ಬೀಯ ತಲೆಯಲ್ಲಿ ಕೂತುಬಿಟ್ಟಿತು. ನೂರಾ ಎಂಬತ್ತು ಟೇಲರ್‌ಗಳು ಒಂದೇ ಮಂಟಪದಲ್ಲಿ ಕೂತು, ಒಂದೇ ನಲ್ಲಿಯಲ್ಲಿ ಕೈ ತೊಳೆದು, ಒಂದೇ ಸೌಟಿನಿಂದ ಬಡಿಸಿಕೊಂಡು ಐದು ಊರಿಗೆ ಮರಳಿದರೆ? ಎಂಟೊಂಬತ್ತು ದಿನಕ್ಕೆ ಆಗಸ್ಟ್ ಹದಿನೈದು. ಆಕೆ ಅಂದೇ ಅಧ್ಯಕ್ಷರಿಗೆ ಫೋನು ಮಾಡಿದಳು.

“ರದ್ದ ಮಾಡೋಣೇನ್ರಿ ಅಣ್ಣಾರ?”

ಲೈನು ಕಡಿಯಿತೇನೋ ಎಂದು ಆಕೆ ಎರಡು ಸಲ ಹಲೋ ಅಂದಳು. ಆಮೇಲೆ ಜಟ್ಟೆಪ್ಪನವರ ದನಿ ಬಂತು: “ಜೈತುನಬೀ, ಅಂಥಾ ದೊಡ್ಡ ಮಾತು ಫೋನಿನ್ಯಾಗ ಆಡಬಾರದು. ಮೀಟಿಂಗ್ ಕರೀರಿ.”

ಮೀಟಿಂಗು ಭಾನುವಾರ ಜೈತುನ್ಬೀಯ ಅಂಗಡಿಯಲ್ಲೇ ಸೇರಿತು. ಊರಿಗೊಬ್ಬರಂತೆ ಐದು ಜನ. ಚಿತ್ತಾಪುರದಿಂದ ಜಟ್ಟೆಪ್ಪ, ಶಹಾಬಾದದಿಂದ ಚಂದ್ರಾಮ, ಸೇಡಂನಿಂದ ಅಂಬರೇಶ, ಚಿಂಚೋಳಿಯಿಂದ ಬಂದೇಅಲಿ, ವಾಡಿಯಿಂದ ಜೈತುನ್ಬೀ. ಚಂದ್ರಾಮನ ಎಡಗಣ್ಣು ಕೆಂಪಗಿತ್ತು.

“ಕಣ್ಣು ಬಂದಾವೇನು?” ಎಂದು ಅಂಬರೇಶ ಹಿಂದೆ ಸರಿದ.

“ಛೇ, ಫರ್ಸಿ ಧೂಳ್ರಿ. ನಮ್ಮೂರಾಗ ಗಾಳಿ ಬೀಸಿದ್ರ ಕಲ್ಲೇ ಹಾರ್ತದ,” ಎಂದ ಚಂದ್ರಾಮ. ಹಾಸುಗಲ್ಲು ಕಡಿದು ಬದುಕುವ ಊರು ಶಹಾಬಾದ. ಎಲ್ಲರೂ ನಂಬಿದರು.

ಮಶಾಕ ಮಿರ್ಚಿ ಭಜಿ, ಸೂಸಲಾ ತಂದಿಟ್ಟ. ತಿಂದು ಐವರೂ ಬಾಗಿಲ ಹಿಂದೆ ತೂಗುಹಾಕಿದ್ದ ಟವೆಲ್ಲಿಗೆ ಕೈ ಒರೆಸಿದರು. ಚಂದ್ರಾಮ ಕೈಯ ಜೊತೆ ಕಣ್ಣನ್ನೂ ಒರೆಸಿದ. ಎರಡು ತಾಸು ಮಾತಾಡಿ, ‘ಪರಿಸ್ಥಿತಿಯನ್ನು ಕಾದು ನೋಡತಕ್ಕದ್ದು’ ಎಂದು ಬರೆದು, ಒಂದೇ ಪೆನ್ನಿನಿಂದ ಐದು ಸಹಿ ಹಾಕಿದರು. ಮೊದಲ ಸಹಿ ಚಂದ್ರಾಮನದು.

ಪರಿಸ್ಥಿತಿ ಕಾದು ನೋಡಲು ಬಿಡಲಿಲ್ಲ. ಮೂರೇ ದಿನಕ್ಕೆ ಅಂಬರೇಶನಿಗೆ ಕಣ್ಣು ಬಂದವು. ಗುರುವಾರ ಚಿತ್ತಾಪುರದಲ್ಲಿ, ಜಟ್ಟೆಪ್ಪನವರ ಅಂಗಡಿಯ ಅಟ್ಟದ ಮೇಲೆ ಎರಡನೆಯ ಮೀಟಿಂಗು ಸೇರಿದಾಗ ಆತ ಅಂಗೈಯಗಲದ ಕರಿ ಕನ್ನಡಕ ಹಾಕಿಕೊಂಡು, ಮೆಟ್ಟಿಲು ತಡವುತ್ತ ಮೇಲೆ ಬಂದ. ಚಂದ್ರಾಮನ ಎಡಗಣ್ಣು ತಿಳಿಯಾಗಿತ್ತು. ಫರ್ಸಿ ಧೂಳು ಈಗ ಬಲಗಣ್ಣಿಗೆ ಬಿದ್ದಿತ್ತು.

“ಯಾರೂ ಯಾರನ್ನೂ ನೋಡಬ್ಯಾಡ್ರಿ,” ಎಂದು ಜಟ್ಟೆಪ್ಪ ಅಪ್ಪಣೆ ಮಾಡಿದರು. “ನೋಡಿದ್ರ ಬರ್ತದ.”

“ನೋಡಿದ್ರ ಬರಂಗಿಲ್ರಿ, ಮುಟ್ಟಿದ್ರ ಬರ್ತದ. ಶ್ರುತಿ ಸಿಸ್ಟರ್ ಹೇಳ್ಯಾರ,” ಅಂದಳು ಜೈತುನ್ಬೀ.

“ಇರಲಿ, ಎರಡೂ ಮಾಡೂದು ಬ್ಯಾಡ.”

ಹಾಗೆ ಹೇಳಿದರೂ ಮುಟ್ಟುವುದನ್ನು ಯಾರೂ ಬಿಡಲಿಲ್ಲ. ನೋಡುವುದನ್ನು ಮಾತ್ರ ಬಿಟ್ಟರು. ಜಟ್ಟೆಪ್ಪ ಕ್ಯಾಲೆಂಡರಿನ ಕಡೆ ಮುಖ ಮಾಡಿ ಕೂತರು. ಅಂಬರೇಶ ಗೋಡೆಯ ಕಡೆ, ಚಂದ್ರಾಮ ಕಿಟಕಿಯ ಕಡೆ. ಬಂದೇಅಲಿ ಮೇಲೆ ತಿರುಗುವ ಫ್ಯಾನು ನೋಡುತ್ತ ಮಾತಾಡಿದ. ಹೀಗೆ ಒಬ್ಬರಿಗೊಬ್ಬರು ಬೆನ್ನು ಕೊಟ್ಟು ಚರ್ಚಿಸುತ್ತ, ಕೈಗಳನ್ನು ಹಿಂದಕ್ಕೆ ಚಾಚಿ ಅದೇ ತಂಬಿಗೆ, ಅದೇ ಎಲೆ ಅಡಿಕೆಯ ತಟ್ಟೆ, ಅದೇ ಪೆನ್ನನ್ನು ಒಬ್ಬರಿಂದೊಬ್ಬರಿಗೆ ದಾಟಿಸಿದರು. ಕಾಫಿ ತಂದ ಜಟ್ಟೆಪ್ಪನವರ ಮಗಳು ಜಯಮಾಲಾ, ಇವರು ಜಗಳಾಡಿದ್ದಾರೆಂದು ತಿಳಿದು ಸದ್ದಿಲ್ಲದೆ ಕೆಳಗಿಳಿದು ಹೋದಳು.

ಬಂದೇಅಲಿ ರದ್ದತಿಗೆ ಜಬರದಸ್ತ ವಿರೋಧಿ. “ನಮ್ ಚಿಂಚೋಳಿಗಿ ರೈಲೂ ಬಂದಿಲ್ಲ, ಕಣ್ಣೂ ಬಂದಿಲ್ಲ. ನಲವತ್ತ್ ಮಂದಿ ಹೊಸಾ ಅಂಗಿ ಹೊಲಿಸ್ಕೊಂಡ್ ಕುಂತಾರ. ಟೇಲರೇ ಟೇಲರ್ ಕಡೆ ಹೊಲಿಸ್ಯಾರ್ರಿ, ತಮ್ಮ ಹೊಲಿಗಿ ಮ್ಯಾಲ ತಮಗೇ ನಂಬಿಕಿ ಸಾಲದ! ಅಂಥಾ ಸಂಭ್ರಮ ಅದ. ಹ್ಯಾಂಗ ಹೇಳ್ಲಿ ನಾ ಅವರಿಗಿ, ವಾಡಿಯವರ ಕಣ್ಣ ಕೆಂಪ ಆಗ್ಯಾವ, ನೀವ್ ಮನ್ಯಾಗ ಕುಂದ್ರಿ ಅಂತ?”

ಕೈ ಎತ್ತಿಸಿದರು. ಯಾರೂ ನೋಡುವಂತಿಲ್ಲದ್ದರಿಂದ ಬಾಯಿಂದಲೂ ಹೇಳಿಸಿದರು. ರದ್ದು ಮಾಡಬೇಕು ಎಂದವರು ಜೈತುನ್ಬೀ ಮತ್ತು, ಈಗ ಧೂಳಿನ ಮಾತು ಬಿಟ್ಟಿದ್ದ, ಚಂದ್ರಾಮ. ಬೇಡ ಎಂದವರು ಮೂವರು. ‘ಸಮ್ಮೇಳನ ನಡೆಯತಕ್ಕದ್ದು, ಅಲ್ಲಿ ಯಾರೂ ಯಾರ ಕಣ್ಣನ್ನೂ ನೋಡತಕ್ಕದ್ದಲ್ಲ’ ಎಂದು ಠರಾವಾಯಿತು. ಬರೆದವಳು ಕಾರ್ಯದರ್ಶಿಯೇ.

ಮರುದಿನ ಬಿಟ್ಟು ಮರುದಿನ ಮುಂಜಾನೆ ಜೈತುನ್ಬೀ ಎದ್ದಾಗ ಕಣ್ಣು ತೆರೆಯಲಿಲ್ಲ. ರೆಪ್ಪೆಗಳು ಎರಡೂ ಅಂಟಿದ್ದವು. ಮಶಾಕ ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಕೊಟ್ಟ. ಒರೆಸಿಕೊಂಡು ಕನ್ನಡಿ ನೋಡಿದರೆ ಯಾರದೋ ಮುಖ.

ನೋವಿಗೆ ಆಕೆ ಹೆದರಲಿಲ್ಲ. ಆದರೆ ಅಂಗಡಿಗೆ ಹೋಗಿ ಬಿಳಿ ಬಟ್ಟೆ ಹಾಸಿ ಕತ್ತರಿ ಹಿಡಿದಾಗ ಚಾಕಿನ ಗೆರೆ ಎರಡಾಗಿ, ಮೂರಾಗಿ, ಕಡೆಗೆ ನೀರಿನಲ್ಲಿ ಕರಗಿಹೋಯಿತು. ಒಂದು ಕಾಲರು ಕತ್ತರಿಸಿದಳು. ಬೆರಳಿನಿಂದ ಸವರಿ ನೋಡಿದರೆ ಒಂದು ಕಡೆ ಅರ್ಧ ಇಂಚು ಗಿಡ್ಡ. ಮೂವತ್ತು ವರ್ಷದಲ್ಲಿ ಆಕೆ ಕಾಲರು ಕೆಡಿಸಿದ್ದಿಲ್ಲ. ಹೊರಗೆ ಒಬ್ಬ ಗಿರಾಕಿ ರೂಢಿಯಂತೆ ಅತ್ತ ಒಮ್ಮೆ, ಇತ್ತ ಒಮ್ಮೆ ನಡೆದು ನಿಂತಿದ್ದ. “ಬರಕೊಂಡ್ರೇನ್ ಆಪಾ?” ಎಂದು ಕೇಳಿದ. ಆಕೆಗೆ ಅಲ್ಲಿ ಕಂಡದ್ದು ಒಂದು ಉದ್ದನೆಯ ಬೂದಿ ಬಣ್ಣ ಮಾತ್ರ. “ಮುಂದಿನ ವಾರ ಬಾರಪ್ಪಾ,” ಎಂದು ಕಳಿಸಿ, ಷಟರು ಅರ್ಧ ಎಳೆದು, ಸ್ಟೂಲಿನ ಮೇಲೆ ಸುಮ್ಮನೆ ಕೂತಳು. ಜಗತ್ತಿನಲ್ಲಿ ತನಗೆ ಬರುವುದು ಇದೊಂದೇ, ಅದೂ ಬರದಾದರೆ ತಾನು ಯಾರು ಎಂದು ಆ ಹೊತ್ತು ಅನ್ನಿಸಿತಂತೆ. ಅಳು ಬಂತೋ ಇಲ್ಲವೋ ಆಕೆಗೂ ಗೊತ್ತಾಗಲಿಲ್ಲ. ಹೇಗೂ ನೀರು ಸುರಿಯುತ್ತಲೇ ಇತ್ತು.

ಸ್ವಲ್ಪ ಹೊತ್ತಿಗೆ ಫೋನು ತೆಗೆದು ಮಶಾಕನ ಕೈಗೆ ಕೊಟ್ಟು ನಂಬರು ಹಚ್ಚಿಸಿದಳು.

“ಅಣ್ಣಾರ, ಬುಧವಾರ ಮತ್ತೊಂದ್ ಮೀಟಿಂಗ್ ಅದ. ನಮ್ ಅಂಗಡ್ಯಾಗ.”

“ಯಾಕ? ತೀರ್ಮಾನ ಆಗ್ಯಾದಲ್ಲ!”

“ಆಗ್ಯಾದ್ರಿ. ಆದ್ರ ಮಂದಿಗಿ ಕಳಿಸೂ ಪತ್ರಕ್ಕ ನನ್ನ ಸಹಿ ಬೇಕಲ್ಲ. ಸಹಿ ಎಲ್ಲಿ ಮಾಡಬೇಕಂತ ನನಗ ಕಾಣ್ಲಿಕತ್ತಿಲ್ಲ.”

ಜಟ್ಟೆಪ್ಪ “ನನಗೂ ನಿನ್ನಿಯಿಂದ ಜರಾ…” ಎಂದು ಶುರುಮಾಡಿ, “ಧೂಳು,” ಎಂದು ಮುಗಿಸಿದರು.

ಇನ್ನೂ ಕಣ್ಣು ಬಂದಿರದ ಬಂದೇಅಲಿಗೆ ಮಾತ್ರ ಆಕೆ ಬರಬೇಡವೆಂದಳು. ಫೋನಿನಲ್ಲೇ ಮತ ಹಾಕಿದರೆ ಸಾಕು ಎಂದಳು. ತನ್ನನ್ನು ಹೊರಗಿಟ್ಟು ರದ್ದು ಮಾಡುವ ಹಂಚಿಕೆ ಇದು ಎಂದುಕೊಂಡ ಆತ ಬುಧವಾರ ಎಲ್ಲರಿಗಿಂತ ಮೊದಲು ಬಂದ. ಜೈತುನ್ಬೀ ಬಾಗಿಲಲ್ಲೇ ತಡೆದು, ರಸ್ತೆಯಲ್ಲಿ ಒಂದು ಕುರ್ಚಿ ಹಾಕಿಸಿದಳು.

“ಅಲ್ಲೇ ಕುಂದ್ರಿ ಭಾಯಿ. ಒಳಗ ಬರಬ್ಯಾಡ್ರಿ, ಯಾರಿಗೂ ಕೈ ಕೊಡಬ್ಯಾಡ್ರಿ.”

ಒಳಗೆ ನಾಲ್ವರು ಕೂತರು. ನಾಲ್ವರಿಗೂ ಕರಿ ಕನ್ನಡಕ. ಮಶಾಕ ಚಹಾ ತಂದಾಗ ಚಂದ್ರಾಮನ ಕೈ ಕಪ್ಪಿನ ಬಲಕ್ಕೆ ಹೋಯಿತು, ಅಂಬರೇಶನ ಕೈ ಎಡಕ್ಕೆ ಹೋಯಿತು. ಜಟ್ಟೆಪ್ಪನವರ ಕೈ ಚಂದ್ರಾಮನ ಕೈಯನ್ನು ಕಪ್ಪೆಂದು ಹಿಡಿಯಿತು.

ಜಟ್ಟೆಪ್ಪ ಕೆಮ್ಮಿ, “ಸಮ್ಮೇಳನ ನಾಲ್ಕ್ ದಿನಕ್ಕ ಅದ. ಈಗ ಹಿಂದ ಸರಿದ್ರ ಮಂದಿ ನಗ್ತಾರ. ಎರಡ್ ದಿನದಾಗ ಎಲ್ಲಾ ನೆಟ್ಟಗಾಗ್ತದ,” ಎಂದರು.

ಜೈತುನ್ಬೀ ವಾದಕ್ಕಿಳಿಯಲಿಲ್ಲ. ಡಬ್ಬಿಯಿಂದ ನಾಲ್ಕು ಸೂಜಿ, ಒಂದು ಉಂಡೆ ಬಿಳಿ ದಾರ ತೆಗೆದು ಮೇಜಿನ ಮೇಲಿಟ್ಟಳು.

“ಕನ್ನಡಕ ತೆಗೀರಿ ಎಲ್ಲಾರೂ. ನಾನೂ ತೆಗೀತೀನಿ. ನಾಲ್ಕ್ ಮಂದಿ ಕೂಡಿ ಒಂದ್ ಸೂಜಿಗಾದ್ರೂ ದಾರ ಪೋಣಿಸಿದ್ರ ಸಮ್ಮೇಳನ ಮಾಡೂಣು. ನಾನೇ ಪತ್ರಕ್ಕ ಸಹಿ ಹಾಕ್ತೀನಿ.”

“ಇದೇನ್ ಪರೀಕ್ಷಾ ಏನ್ರಿ?” ಎಂದು ಜಟ್ಟೆಪ್ಪ ಸಿಡುಕಿದರು. ಆದರೂ ನಲವತ್ತು ವರ್ಷ ಸೂಜಿ ಹಿಡಿದ ಕೈ ತಾನಾಗಿಯೇ ಚಾಚಿತು. ಅಂಬರೇಶನೂ ಹಿಡಿದ. ಚಂದ್ರಾಮ ಬಲಗಣ್ಣು ಮುಚ್ಚಿ, ಮತ್ತೆ ಕೆಂಪಾದ ಎಡಗಣ್ಣಿಂದ ಗುರಿ ಇಟ್ಟ.

ರಸ್ತೆಯ ಮೇಲಿನ ಕುರ್ಚಿಯಿಂದ ಬಂದೇಅಲಿ ನೋಡುತ್ತಿದ್ದ. ಐದು ಊರಿನ ನಾಲ್ಕು ದೊಡ್ಡ ಟೇಲರ್‌ಗಳು, ಕಣ್ಣು ಟೊಮೆಟೊ ಮಾಡಿಕೊಂಡು, ಬಾಯಿ ಸೊಟ್ಟ ಮಾಡಿ, ನಾಲಿಗೆಯಿಂದ ದಾರ ಒದ್ದೆ ಮಾಡಿ ಗಾಳಿಗೆ ಚುಚ್ಚುತ್ತಿದ್ದರು. ಜಟ್ಟೆಪ್ಪನವರ ದಾರ ಸೂಜಿಯ ಬಲಕ್ಕೆ ಹೋಗುತ್ತಿತ್ತು, ಅಂಬರೇಶನದು ತನ್ನ ಬೆರಳಿಗೇ ತಾಗುತ್ತಿತ್ತು. ಒಮ್ಮೆ ಚಂದ್ರಾಮ “ಹೋತು!” ಎಂದು ಕೂಗಿದ. ಮಶಾಕ ಬಗ್ಗಿ ನೋಡಿ, “ಸೂಜಿ ಉಲ್ಟಾ ಹಿಡಿದೀರಿ. ಆ ಕಡಿ ತೂತು ಇಲ್ಲ,” ಎಂದ. ಆ ದಿನ ಆತ ಆಡಿದ ಒಂದೇ ಮಾತು ಅದು.

ಜೈತುನ್ಬೀಯೂ ಪ್ರಯತ್ನಿಸಿದಳು. ಆಟಕ್ಕಲ್ಲ, ನಿಜವಾಗಿಯೇ. ಆಕೆಗೂ ಆಗಲಿಲ್ಲ.

ಹತ್ತು ನಿಮಿಷದ ಮೇಲೆ ಜಟ್ಟೆಪ್ಪ ಸೂಜಿ ಕೆಳಗಿಟ್ಟರು. ಅವರ ಕೆನ್ನೆ ಒದ್ದೆಯಾಗಿತ್ತು.

“ನೂರಾ ಎಂಬತ್ತ್ ಮಂದಿರಿ ಅಣ್ಣಾರ,” ಅಂದಳು ಜೈತುನ್ಬೀ, ಮೆಲ್ಲಗೆ. “ಎಲ್ಲಾರೂ ನಮ್ಮಂಗ ಆದ್ರ ಹದಿನೈದನೇ ತಾರೀಖಿಗಿ ಐದೂ ಊರಿನ ಹುಡುಗೂರು ಹರಕ್ ಅಂಗಿ ಮ್ಯಾಲ ನಿಂತ ಜೈ ಹಿಂದ್ ಅಂತಾವ.”

ಹೊರಗಿನಿಂದ ಕುರ್ಚಿ ಸರಿದ ಸದ್ದಾಯಿತು. ಬಂದೇಅಲಿ ಎದ್ದು ನಿಂತಿದ್ದ.

“ರದ್ದ್ ಮಾಡ್ರಿ!” ಎಂದು ರಸ್ತೆಯಿಂದಲೇ ಕೂಗಿದ. “ನನ್ನ ಮತ ಬರಕೊಳ್ರಿ. ಸಹಿಗಿ ಮಾತ್ರ ಕರೀಬ್ಯಾಡ್ರಿ, ಆ ಪೆನ್ನ ನಾ ಮುಟ್ಟಂಗಿಲ್ಲ!”

“ರದ್ದು ಅನಬ್ಯಾಡ್ರಿ,” ಎಂದರು ಜಟ್ಟೆಪ್ಪ, ಸೋತ ದನಿಯಲ್ಲಿ. “ಮುಂದೂಡಿಕಿ ಅನ್ರಿ.”

ಮುಂದೂಡಿಕೆ ಎಂದೇ ಬರೆದರು. ಬಂದೇಅಲಿ ಚಿಂಚೋಳಿಯವರೆಗೂ ಬಸ್ಸಿನಲ್ಲಿ ಏನನ್ನೂ ಮುಟ್ಟಬಾರದೆಂದು ಎರಡೂ ಕೈ ಜೇಬಿನಲ್ಲಿಟ್ಟುಕೊಂಡು ನಿಂತು ಹೋದನಂತೆ. ಸೇಡಂ ದಾಟಿದ ಮೇಲೆ ಒಂದು ತಿರುವಿನಲ್ಲಿ ಜೋಳದ ಚೀಲದ ಮೇಲೆ ಬಿದ್ದು ಹಣೆ ಉಬ್ಬಿಸಿಕೊಂಡ. ಆದರೆ ಕಣ್ಣು ಬರಲಿಲ್ಲ. ಚಿಂಚೋಳಿಯ ನಲವತ್ತು ಮಂದಿಗೂ ಬರಲಿಲ್ಲ. ಹಣೆಯ ಉಬ್ಬನ್ನು ಅವರಿಗೆ ತೋರಿಸಿ, “ನಿಮ್ ಸಲುವಾಗಿ ಪೆಟ್ಟು ತಿಂದೀನಿ,” ಎಂದದ್ದರಿಂದ ಹೊಸ ಅಂಗಿಯ ಸಿಟ್ಟೂ ಇಳಿಯಿತು.

ಆ ಬುಧವಾರ ಉಳಿದವರು ಹೋದ ಮೇಲೂ ಜಟ್ಟೆಪ್ಪ ಏಳಲಿಲ್ಲ. ರೈಲಿಗೆ ಇನ್ನೂ ಹೊತ್ತಿದೆ ಎಂದು ಕೂತರು. ಆಮೇಲೆ ಚೀಲದಿಂದ ಒಂದು ಕಟ್ಟು ಕಾಗದ ತೆಗೆದರು. ಇಪ್ಪತ್ತಾರು ಪುಟ. ಜಯಮಾಲಾ ಟೈಪು ಮಾಡಿಕೊಟ್ಟದ್ದು.

“ಜೈತುನಬೀ, ನಾ ಹುಟ್ಟಿದಾಗಿಂದ ಮೈಕಿನ ಮುಂದ ನಿಂತಿಲ್ಲ. ಸಾಲಿ ನಾಕನೇ ಇಯತ್ತೆದಾಗ ಒಮ್ಮಿ ನಿಂತಿದ್ದೆ. ‘ಪೂಜ್ಯರೇ’ ಅಂದೆ, ಮುಂದಿಂದು ಮರತು ಇಳಿದ್ ಬಂದೆ. ಅರವತ್ತೆರಡ್ ಆತು ಈಗ. ಎಷ್ಟ್ ಮಂದಿ ಭಾಷಣ ಮಾಡೋರಿಗಿ ಕೋಟು ಹೊಲಿದು ಕೊಟ್ಟೀನಿ ಗೊತ್ತದ ಏನು?”

ಅಧ್ಯಕ್ಷರು ಯಾಕೆ ಅಷ್ಟು ಹಟ ಹಿಡಿದಿದ್ದರೆಂದು ಜೈತುನ್ಬೀಗೆ ಆಗ ತಿಳಿಯಿತು. ಅವರ ಮೇಲೆ ಎರಡು ವಾರದಿಂದ ಕಟ್ಟಿಕೊಂಡಿದ್ದ ಸಿಟ್ಟು ಎಲ್ಲಿ ಹೋಯಿತೋ.

“ಫೋನಿನ್ಯಾಗ ಓದ್ರಿ ಅಣ್ಣಾರ. ವಾಟ್ಸಾಪ್ ಗ್ರೂಪಿಗಿ ಹಾಕ್ರಿ,” ಅಂದಳು.

ಜಟ್ಟೆಪ್ಪನವರಿಗೆ ಓದಲು ಕಣ್ಣು ಕಾಣುತ್ತಿರಲಿಲ್ಲ. ಜಯಮಾಲಾ ಒಂದೊಂದು ಸಾಲು ಹೇಳಿಕೊಡುವುದು, ಅವರು ಅದನ್ನು ಗಂಟಲು ಏರಿಸಿ ಹೇಳುವುದು ಎಂದಾಯಿತು. ಶುಕ್ರವಾರ ಮುಂಜಾನೆಯಿಂದ ಸಂಘದ ಗ್ರೂಪಿಗೆ ಭಾಷಣ ತುಂಡು ತುಂಡಾಗಿ ಬರತೊಡಗಿತು. ಒಟ್ಟು ಮೂವತ್ತೊಂದು ತುಂಡು. ನಡುನಡುವೆ ಜಯಮಾಲಾಳ ದನಿ ಸಣ್ಣಗೆ ಕೇಳುತ್ತಿತ್ತು: “ಅಪ್ಪಾ, ಅಲ್ಪವಿರಾಮ ಅಂತ ಓದಬಾರದು.” ಹತ್ತೊಂಬತ್ತನೆಯ ತುಂಡಿನಲ್ಲಿ ಕುಕ್ಕರು ನಾಲ್ಕು ಸಲ ಕೂಗಿತು. ಜನ ಅದನ್ನು ಚಪ್ಪಾಳೆಯ ಜಾಗ ಎಂದು ತಿಳಿದರು.

ಮಂಟಪದಲ್ಲಾಗಿದ್ದರೆ ಊಟದ ವಾಸನೆ ಬಂದ ಕೂಡಲೇ ಅರ್ಧ ಮಂದಿ ಎದ್ದು ಹೋಗುತ್ತಿದ್ದರು. ಈಗ ಐದು ಊರಿನಲ್ಲಿ ಕಣ್ಣು ಬಂದವರೆಲ್ಲ ರೆಪ್ಪೆಯ ಮೇಲೆ ಒದ್ದೆ ಬಟ್ಟೆ ಹಾಕಿಕೊಂಡು ಮಲಗಿದ್ದರು. ನೋಡುವಂತಿಲ್ಲ, ಹೊಲಿಯುವಂತಿಲ್ಲ, ಹೊರಗೆ ಹೋಗುವಂತಿಲ್ಲ. ಮಾಡಲು ಬೇರೆ ಕೆಲಸವಿಲ್ಲದೆ ಮೂವತ್ತೊಂದು ತುಂಡನ್ನೂ ಕೇಳಿದರು. ರೆಡಿಮೇಡ್ ಅಂಗಡಿಯ ಬಗ್ಗೆ ಅವರು ಹೇಳಿದ್ದಕ್ಕೆ ಶಹಾಬಾದದಿಂದ ಒಬ್ಬ ಮರುಜವಾಬು ಕಳಿಸಿದ. ಅದಕ್ಕೆ ಸೇಡಂನಿಂದ ಇನ್ನೊಬ್ಬ. ಎರಡು ದಿನ ಗ್ರೂಪಿನಲ್ಲಿ ಮಾತೇ ಮಾತು. ಜಟ್ಟೆಪ್ಪ ಜೈತುನ್ಬೀಗೆ ಫೋನು ಮಾಡಿ, “ಮಂದಿ ಕೇಳ್ಯಾರ್ರಿ!” ಎಂದರು.

ಭಾನುವಾರ, ಸಮ್ಮೇಳನ ನಡೆಯಬೇಕಿದ್ದ ದಿನ, ಜೈತುನ್ಬೀ ಅಂಗಡಿಯ ಒಳಗೆ ಕೂತಿದ್ದಳು. ಕಣ್ಣಿನ ಬಾವು ಇಳಿದಿತ್ತು, ಕೆಂಪು ಇನ್ನೂ ಪೂರ್ತಿ ಹೋಗಿರಲಿಲ್ಲ. ಹನ್ನೊಂದರ ಸುಮಾರಿಗೆ ಬಾಗಿಲ ಮುಂದೆ ಒಬ್ಬ ಮುದುಕ ಬಂದು ನಿಂತ. ಕಡು ನೀಲಿ ಬಣ್ಣದ ಹೊಸ ಕೋಟು, ತಲೆಗೆ ಟೋಪಿ, ಕೈಯಲ್ಲಿ ಕೊಡೆ.

“ಮಂಟಪಕ್ಕ ಕೀಲಿ ಹಾಕ್ಯಾರಲ್ಲ ಬೇಟಿ! ನಾ ಲಗೂ ಬಂದೆನೇನು?”

ಮಳಖೇಡದ ಬಾಬುಮಿಯಾ. ಎಪ್ಪತ್ತಾರು ವರ್ಷ. ಫೋನಿಲ್ಲದ ಮನುಷ್ಯ. ಮಳಖೇಡದವರಿಗೆ ತಿಳಿಸುವ ಕೆಲಸ ಸೇಡಂನ ಅಂಬರೇಶನದಾಗಿತ್ತು. ಆತ ಕಣ್ಣು ಮುಚ್ಚಿ ಮಲಗಿದವನು ಮರೆತಿದ್ದ.

ಜೈತುನ್ಬೀ ಸ್ಟೂಲನ್ನು ಹಿಂದಕ್ಕೆ ಎಳೆದುಕೊಂಡಳು. “ಚಾಚಾ, ಅಲ್ಲೇ ನಿಂದ್ರಿ, ಹತ್ರ ಬರಬ್ಯಾಡ್ರಿ, ನನಗ ಕಣ್ ಬಂದಾವ. ತಪ್ಪಾಯ್ತ್ ಚಾಚಾ, ಸಮ್ಮೇಳನ ಇಲ್ಲ. ಮುಂದ ಹಾಕೀವಿ.”

ಮುದುಕ ಸಿಟ್ಟಾಗಬಹುದೆಂದು ಆಕೆ ಕಾದಳು. ಆತ ಕೊಡೆ ಮಡಚಿ, ಬಂದೇಅಲಿ ಕೂತಿದ್ದ ಜಾಗದಲ್ಲೇ ಕುರ್ಚಿ ಹಾಕಿಸಿಕೊಂಡು ಕೂತ. ಮಶಾಕನಿಗೆ ಕಣ್ಣು ಬಂದಿರಲಿಲ್ಲ. ಮೊದಲ ದಿನದಿಂದಲೇ ಆತ ತನ್ನ ಟವೆಲ್ಲನ್ನು ಬೀರುವಿನಲ್ಲಿಟ್ಟು ಕೀಲಿ ಹಾಕಿಕೊಂಡಿದ್ದ. ಕೈ ತೊಳೆದು ತಟ್ಟೆಯಲ್ಲಿ ಬಿಸಿ ರೊಟ್ಟಿ, ಪುಂಡಿಪಲ್ಯ ತಂದುಕೊಟ್ಟ.

“ನಾ ಊಟಕ್ಕ ಬಂದಿದ್ದಿಲ್ಲ ಬೇಟಿ,” ಎಂದ ಬಾಬುಮಿಯಾ, ರೊಟ್ಟಿ ಮುರಿಯುತ್ತ. “ಮಂದಿ ನೋಡ್ಲಿಕ್ಕ ಬಂದಿದ್ದೆ. ಅರವತ್ತ್ ವರ್ಷ ಒಂಟಿ ಮಷಿನ್ ತುಳದೀನಿ. ನನ್ನಂಥವರು ಇನ್ನೂ ಯಾರ್ ಯಾರ್ ಅದಾರಂತ ಒಮ್ಮಿ ನೋಡಬೇಕಂತ ಇತ್ತು, ಅಷ್ಟೇ.”

ಜೈತುನ್ಬೀ ತನ್ನ ಫೋನು ಮುಟ್ಟದೆ, ಮಶಾಕನ ಫೋನಿನಿಂದ ವಿಡಿಯೊ ಕರೆ ಹಚ್ಚಿಸಿದಳು. ಮಶಾಕ ಅದನ್ನು ಮುದುಕನ ಮುಂದೆ ಹಿಡಿದು ನಿಂತ. ಮೊದಲು ಬಂದವನು ಚಂದ್ರಾಮ. “ಇವರ್ಯಾರು, ಕರಡಿ?” ಎಂದು ಮುದುಕ ಕೇಳಿದ. ಚಂದ್ರಾಮನ ಎರಡೂ ಕಣ್ಣು ಊದಿ, ಗಡ್ಡ ಬೆಳೆದಿತ್ತು. ಆಮೇಲೆ ಅಂಬರೇಶ ಬಂದು, ತಿಳಿಸಲು ಮರೆತದ್ದಕ್ಕೆ ಫೋನಿನಲ್ಲೇ ಕಾಲು ಮುಟ್ಟಲು ಹೋಗಿ ಪರದೆಯಿಂದ ಮಾಯವಾದ. ಜಟ್ಟೆಪ್ಪ ಕೋಟು ಹಾಕಿಕೊಂಡು ಬಂದರು. ಕೆಳಗೆ ಲುಂಗಿ ಇದ್ದದ್ದು ಜಯಮಾಲಾ ಫೋನು ಓರೆ ಹಿಡಿದಾಗ ಕಂಡಿತು. ಬಂದೇಅಲಿ ತನ್ನ ಹಣೆ ತೋರಿಸಿದ. ಒಬ್ಬರಾದ ಮೇಲೆ ಒಬ್ಬರು, ಇಪ್ಪತ್ತಾರು ಮಂದಿಯನ್ನು ಬಾಬುಮಿಯಾ ನೋಡಿದ. ಪ್ರತಿಯೊಬ್ಬರ ಕಣ್ಣು ನೋಡಿ ನಕ್ಕ. ನಕ್ಕು ನಕ್ಕು ಆತನ ಕಣ್ಣಲ್ಲೂ ನೀರು ಬಂತು. ಜೈತುನ್ಬೀ ಗಾಬರಿಯಿಂದ ಎದ್ದು, “ಚಾಚಾ, ಕೈಲೆ ಒರಸಬ್ಯಾಡ್ರಿ!” ಎಂದು ಕೂಗಿದಳು.

ಮಧ್ಯಾಹ್ನದ ಗಾಡಿಗೆ ಮಶಾಕ ಆತನನ್ನು ಹತ್ತಿಸಿ ಬಂದ.

ಅಧಿಕ ಮಾಸ ಮುಗಿಯುತ್ತ ಬಂತು. ಆಗಸ್ಟ್ ಹದಿನೈದಕ್ಕೆ ಐದೂ ಊರಿನ ಬಿಳಿ ಅಂಗಿಗಳು ಹೊತ್ತಿಗೆ ಸರಿಯಾಗಿ ಸಿದ್ಧವಾದವು. ಕಣ್ಣು ಬಂದಂತೆಯೇ ಹೋದವು. ಸಮ್ಮೇಳನ ಡಿಸೆಂಬರಿನಲ್ಲಿ ಅದೇ ಮಂಟಪದಲ್ಲಿ ನಡೆಯಿತು, ನೂರಾ ತೊಂಬತ್ತು ಮಂದಿ ಬಂದರು. ಬಾಬುಮಿಯಾ ಮುಂದಿನ ಸಾಲಿನಲ್ಲಿ ಕೂತು ಪ್ರತಿಯೊಬ್ಬರನ್ನೂ ಬೆರಳು ತೋರಿಸಿ ಗುರುತು ಹಿಡಿಯುತ್ತಿದ್ದ.

ಊಟದ ಮುಂಚೆ ಯಾರು ಬೇಕಾದರೂ ಮಾತಾಡಬಹುದು ಎಂದಾಗ ಸೇಡಂ ಕಡೆಯ ಒಬ್ಬ ಹೊಸ ಸದಸ್ಯ ಮೈಕು ಹಿಡಿದ. “ಎಲ್ಲಾ ಛಲೋ ಆಗ್ಯಾದ್ರಿ. ಆದ್ರ ಒಂದ್ ಮಾತು. ಆಗಸ್ಟಿನ್ಯಾಗ ಸುಮ್ನ ಮುಂದ ಹಾಕಿದ್ರಿ. ಹದಿನೈದಕ್ಕ ಏನರೆ ತೊಂದ್ರಿ ಆಯ್ತೇನು? ಎಲ್ಲಾರೂ ಟೈಮಿಗಿ ಅಂಗಿ ಹೊಲಿದು ಕೊಟ್ಟೀವಿ. ಏನೂ ಆಗಲಿಲ್ಲ. ಕಾರ್ಯದರ್ಶಿ ಆಪಾ ಕಾರಣ ಇಲ್ದ ಭಾಳ ಅಂಜಿದ್ರು ಅಂ‌ತ ನನಗನಸ್ತದ.”

ಜಟ್ಟೆಪ್ಪ ಸಿಟ್ಟಿನಿಂದ ಏಳಲು ಹೋದರು. ಪಕ್ಕದಲ್ಲಿದ್ದ ಜೈತುನ್ಬೀ ಅವರ ಕೋಟಿನ ತೋಳು ಹಿಡಿದು ಕೂಡಿಸಿದಳು. ಮೇಜಿನ ಮೇಲಿನ ಮೈಕು ತನ್ನ ಕಡೆ ಎಳೆದುಕೊಂಡಳು.

“ಹೌದಪ್ಪಾ,” ಅಂದಳು, ಬಲು ಸಂತೋಷದಿಂದ. “ಏನೂ ಆಗಲಿಲ್ಲ.”

ಹಾಗೆಂದು, ಊಟಕ್ಕೆ ಏಳಿರೆಂದು ಎಲ್ಲರಿಗೂ ಹೇಳಿದಳು.